ಶಾಸನವೂ ಸ್ಥಳವೂ: ಬೆಂಗಳೂರಿನ ಮಿಥಿಕ್ ಸೊಸೈಟಿಯ ಕಾರ್ಯವನ್ನು ಕುರಿತು ಒಂದು ವಿಮರ್ಶೆ

ಒಂದು ಊರಿನ ಚರಿತ್ರೆಯನ್ನು ಆ ಊರಿನವರೇ ಸಂಘ ಕಟ್ಟಿಕೊಂಡು ಶೋಧಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದೇನೂ ಅಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಸ್ಥಾಪಿತವಾಯಿತು. ಪುಣೆಯಲ್ಲಿ ರಾಜವಾಡೆಯವರು ಭಾರತ ಇತಿಹಾಸ ಸಂಶೋಧಕ ಮಂಡಲವನ್ನು ಆರಂಭಿಸಿದ್ದು 1910ರಲ್ಲಿ. ಧಾರವಾಡದಲ್ಲಿ ಆಲೂರು ವೆಂಕಟರಾಯರು ಇತಿಹಾಸ ಮಂಡಲದ ಕೆಲಸಕ್ಕೆ ತೊಡಗಿದ್ದು 1914ರಲ್ಲಿ. ಐದಾರು ವರ್ಷಗಳ ಅಂತರದಲ್ಲಿ ಹುಟ್ಟಿದ ಈ ಮೂರು ಸಂಸ್ಥೆಗಳ ಸ್ವಭಾವ ಮಾತ್ರ ಒಂದೇ ಆಗಿರಲಿಲ್ಲ. ಪುಣೆಯವರು ಮರಾಠಿಯಲ್ಲಿಯೂ ಧಾರವಾಡದವರು ಕನ್ನಡದಲ್ಲಿಯೂ ಬರೆದರು. ಫ್ರೆಂಚ್ ಪಾದ್ರಿಗಳಾದ ಫಾದರ್ ಟಬಾರ್ಡರ ಅಧ್ಯಕ್ಷತೆಯಲ್ಲಿ ಬೆಳೆದ ಬೆಂಗಳೂರಿನ ಸಂಸ್ಥೆಯು ತನ್ನ ತ್ರೈಮಾಸಿಕವನ್ನು ಇಂಗ್ಲಿಷಿನಲ್ಲಿ ನಡೆಸಿತು. 1917ರಲ್ಲಿ ಸಿದ್ಧವಾದ ಅದರ ಸ್ವಂತ ಕಟ್ಟಡವೂ ಮೈಸೂರಿನ ರೆಸಿಡೆಂಟರಾಗಿದ್ದ ಡೇಲಿ ಸಾಹೇಬರ ಹೆಸರನ್ನೇ ಪಡೆಯಿತು. ಸೊಸೈಟಿಯ ಹೆಸರು ಕೇಳಿ ಇದು ಪುರಾಣಕಥೆಗಳ ಸಂಘವೆಂದು ಭಾವಿಸುವ ವಿದ್ಯಾರ್ಥಿಗಳು ಈಗಲೂ ನಮಗೆ ವರ್ಷಕ್ಕೊಬ್ಬರಾದರೂ ಸಿಗುತ್ತಾರೆ.

ಸಂಸ್ಥೆಯ ಸಮಗ್ರ ಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ಅದರ ತ್ರೈಮಾಸಿಕದಿಂದ ಮೈಸೂರು ಸೀಮೆಯ ಇತಿಹಾಸಾಧ್ಯಯನಕ್ಕೆ ಆದ ಉಪಕಾರವನ್ನು ಬಲ್ಲವರು ಬಲ್ಲರು. 2021ರಿಂದ ಸೊಸೈಟಿಯು ಬೆಂಗಳೂರು ಮತ್ತು ಸುತ್ತಿನ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳ ಡಿಜಿಟಲ್ ಪ್ರತಿಗಳಾಗಿ ಸಂಗ್ರಹಿಸಿ, ಅವುಗಳನ್ನು ಎಲ್ಲರಿಗೂ ತೆರೆದಿಡುವ ಕೆಲಸವನ್ನು ಕೈಗೊಂಡಿದೆ. ಈ ಕೆಲಸದ ಬೆಲೆ ಏನು, ಅದು ಯಾವುದನ್ನು ಉಳಿಸುತ್ತದೆ, ಯಾವುದನ್ನು ಬಿಡುತ್ತದೆ ಎಂಬಷ್ಟನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಸಲ್ಲಬೇಕಾದ ಪ್ರಶಂಸೆಯನ್ನು ಸಲ್ಲಿಸಬೇಕು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಆನೇಕಲ್ಲು, ಮಾಗಡಿ, ನೆಲಮಂಗಲ, ಹೊಸಕೋಟೆ ಮೊದಲಾದ ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ಸಂಪುಟದಿಂದಲೇ ಆರಂಭಿಸಬೇಕು. ಆದರೆ ಅಷ್ಟು ವಿಸ್ತಾರವಾದ ಕಾರ್ಯದಲ್ಲಿ ಪ್ರತಿಯೊಂದು ಕಲ್ಲಿನ ಮುಂದೆಯೂ ಬಹಳ ಹೊತ್ತು ನಿಲ್ಲುವುದು ಸಾಧ್ಯವಿರಲಿಲ್ಲ. ಸವೆದ ಅಕ್ಷರಗಳನ್ನು ಊಹೆಯಿಂದ ತುಂಬಿದ ಕಡೆಗಳೂ, ಓದಲಾಗದೆ ಬಿಟ್ಟ ಕಡೆಗಳೂ ಇವೆ. ಕಾಗದದ ಪಡಿಯಚ್ಚಿನಲ್ಲಿ ಮಸಿ ಹಿಡಿಯದ ಆಳವಿಲ್ಲದ ಗೆರೆಯೂ ಈಗಿನ ಯಂತ್ರದ ಪ್ರತಿಯಲ್ಲಿ ಕಾಣಿಸುತ್ತದೆ. ಬೆಳಕನ್ನು ಯಾವ ಕಡೆಯಿಂದ ಬೇಕಾದರೂ ಬೀಳುವಂತೆ ಮಾಡಿ ಅಕ್ಷರವನ್ನು ನೋಡಬಹುದು. ಹೀಗೆ ಸಂಗ್ರಹವಾದ ಅಕ್ಷರರೂಪಗಳನ್ನು ಸೊಸೈಟಿಯವರು ‘ಅಕ್ಷರ ಭಂಡಾರ’ ಎಂಬ ಹೆಸರಿನಲ್ಲಿ ಒದಗಿಸಿರುವುದು ಲಿಪಿಶಾಸ್ತ್ರದ ಪಾಠ ಹೇಳುವ ನಮ್ಮಂತಹವರಿಗೆ ದೊಡ್ಡ ಅನುಕೂಲ. ಮೂಲವನ್ನು ಕಾಣದೆ ಅಚ್ಚಾದ ಪಾಠವನ್ನೇ ನಂಬಬೇಕಾಗಿದ್ದ ಕಾಲ ಇದರಿಂದ ಹಿಂದಾಗುತ್ತಿದೆ. ವಿದ್ವಾಂಸನು ಓದಿದ್ದು ಸರಿಯೋ ತಪ್ಪೋ ಎಂದು ಶಾಲೆಯ ಉಪಾಧ್ಯಾಯನೊಬ್ಬನು ಮನೆಯಲ್ಲಿ ಕುಳಿತು ನೋಡಬಲ್ಲ ಸ್ಥಿತಿ ಬಂದಿದೆ. ಹಿಂದೆ ಇಂಗ್ಲಿಷ್ ಬಲ್ಲ ಸದಸ್ಯರಿಗಾಗಿ ನಡೆದ ಸಂಸ್ಥೆಯೊಂದು ಇಲ್ಲಿಗೆ ಬಂದು ಮುಟ್ಟಿರುವುದು ಸಣ್ಣ ಮಾತಲ್ಲ.

ಆದರೆ ಶಾಸನವೆಂದರೆ ಬರಿಯ ಅಕ್ಷರವಲ್ಲ. ಅದು ಒಂದು ಸ್ಥಳದಲ್ಲಿ ನಿಂತ ಕಲ್ಲು. ರೈಸ್ ಅವರ ಸಂಪುಟದಲ್ಲಿ ಪ್ರತಿಯೊಂದು ಶಾಸನದ ತಲೆಯ ಮೇಲೂ ಅದು ಇರುವ ಜಾಗದ ಸೂಚನೆಯಿದೆ: ಇಂಥ ಗ್ರಾಮದ ಪೂರ್ವಕ್ಕೆ, ಇಂಥವನ ಹೊಲದಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಬಾಗಿಲಿನ ಬಲಗಡೆ, ಎಂದು. 1905ರಲ್ಲಿ ಈ ಸೂಚನೆ ಸಾಕಾಗಿತ್ತು. ಈಗ ಆ ಹೊಲದ ಒಡೆಯನ ಹೆಸರನ್ನು ಬಲ್ಲವರಿಲ್ಲ, ಹೊಲವಿದ್ದಲ್ಲಿ ಬಡಾವಣೆಯಿದೆ, ಎಷ್ಟೋ ಕೆರೆಗಳಿಗೆ ಏರಿಯೇ ಇಲ್ಲ. ಕೆಲವು ವರ್ಷಗಳ ಹಿಂದೆ ನಾವು ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳೊಡನೆ ಈ ಸಂಪುಟವನ್ನು ಹಿಡಿದುಕೊಂಡು ನಗರದ ಅಂಚಿನ ಒಂದು ಗ್ರಾಮಕ್ಕೆ ಹೋಗಿದ್ದೆವು. ಅರ್ಧ ದಿನ ಹುಡುಕಿದರೂ ಪುಸ್ತಕ ಹೇಳಿದ ದಿಕ್ಕಿನಲ್ಲಿ ಏನೂ ದೊರೆಯಲಿಲ್ಲ. ಕೊನೆಗೆ ಒಬ್ಬ ಅಜ್ಜಿ, “ನೀವು ಕೇಳೋದು ಬರವಣಿಗೆ ಕಲ್ಲೇನಪ್ಪ? ಅದರ ಮೇಲೆ ನಾನು ಮೂವತ್ತು ವರ್ಷ ಬಟ್ಟೆ ಒಗೆದಿದ್ದೀನಿ” ಎಂದು ತಮ್ಮ ಹಿತ್ತಲಿಗೆ ಕರೆದೊಯ್ದರು. ಕಲ್ಲು ಬೋರಲಾಗಿ ಬಿದ್ದಿತ್ತು. ಒಗೆತಕ್ಕೆ ಸಿಕ್ಕದ್ದು ಅದರ ಬೆನ್ನು ಮಾತ್ರವಾದುದರಿಂದ ಅಕ್ಷರಗಳು ಉಳಿದುಕೊಂಡಿದ್ದವು. ಕೆರೆಯ ಏರಿ ಒಡೆದು ಕಟ್ಟಿದಾಗ ಮಾವನವರು ಅದನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದರೆಂದು ಆಕೆ ಹೇಳಿದರು. ಆ ಮಾತಿಲ್ಲದಿದ್ದರೆ ಕೆರೆಗೆ ಬಿಟ್ಟ ದತ್ತಿಯ ಶಾಸನವೊಂದು ಮನೆಯ ಹಿತ್ತಲಿನಲ್ಲಿ ಏಕಿದೆ ಎಂಬುದಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಕಲ್ಲಿನ ಮೈಯನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿಯುವ ಯಂತ್ರವು ಅಜ್ಜಿಯ ಈ ಮಾತನ್ನು ಹಿಡಿಯಲಾರದು. ಕಲ್ಲು ಈಗ ಇರುವ ಬಿಂದುವಿನ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿದರೆ ಅದು ಇಂದಿನ ನೆಲೆಯಾಯಿತೇ ಹೊರತು ಮೂಲದ ನೆಲೆಯಾಗಲಿಲ್ಲ. ಊರವರು ಆ ಕಲ್ಲನ್ನು ಏನೆಂದು ಕರೆಯುತ್ತಾರೆ, ಅದಕ್ಕೆ ಅರಿಸಿನ ಕುಂಕುಮ ಬೀಳುವ ದಿನ ಯಾವುದು, ಎಲ್ಲಿಂದ ಯಾರ ಕಾಲದಲ್ಲಿ ಬಂತು ಎಂಬುದು ಶಾಸನದ ಚರಿತ್ರೆಗೆ ಸೇರಿದ ವಿಷಯವೇ ಎಂದು ನಮ್ಮ ಅಭಿಪ್ರಾಯ. ಸೊಸೈಟಿಯ ಸಂಗ್ರಹದಲ್ಲಿ ಪ್ರತಿಯೊಂದು ಪ್ರತಿಯ ಜೊತೆಗೂ ಇಂತಹ ಹೇಳಿಕೆಗೆ, ಹೇಳಿದವರ ವಯಸ್ಸು ಮತ್ತು ದಿನಾಂಕ ಸಹಿತವಾಗಿ, ಗೊತ್ತಾದ ಒಂದು ಸ್ಥಾನವಿರಬೇಕು. ಕಲ್ಲು ಇನ್ನು ನೂರು ವರ್ಷ ಉಳಿದೀತು, ಅಜ್ಜಿಯರು ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ ಕಾಲನಿರ್ಣಯಕ್ಕೆ ಸಂಬಂಧಿಸಿದುದು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್‌ನಾಡನ್ನು ಹೆಸರಿಸುವ ಈ ಶಾಸನಕ್ಕೆ ಊರವರ ನೆರವಿನಿಂದ ಮಂಟಪವೂ ಆಗಿದೆ. ಅದನ್ನು ಉಳಿಸಿದವರ ಶ್ರಮ ಸ್ತುತ್ಯವಾದುದು. ಆದರೆ ಜನಬಳಕೆಯಲ್ಲಿ ಅದು ‘ಕ್ರಿ. ಶ. 750ರ ಶಾಸನ’ವೆಂದೇ ನೆಲೆಗೊಂಡಿದೆ. ಕಲ್ಲಿನ ಮೇಲೆ ಶಕವರ್ಷವಿಲ್ಲ. ಶ್ರೀಪುರುಷನು ಎಂಟನೆಯ ಶತಮಾನದ ಎರಡನೆಯ ಪಾದದಿಂದ ಕೊನೆಯ ಪಾದದವರೆಗೆ ಸುಮಾರು ಅರುವತ್ತು ವರ್ಷ ಆಳಿದ ಅರಸು. ಅವನ ಹೆಸರಿರುವ ತೇದಿಯಿಲ್ಲದ ಶಾಸನವು ಈ ಅರುವತ್ತು ವರ್ಷಗಳಲ್ಲಿ ಎಲ್ಲಿಯಾದರೂ ನಿಲ್ಲಬಹುದು. ಲಿಪಿಯ ಲಕ್ಷಣದಿಂದ ಇಪ್ಪತ್ತು ವರ್ಷದ ಆಚೆ ಈಚೆ ಹೇಳುವುದು ಯಾರಿಗೂ ಸಾಧ್ಯವಾಗದ ಮಾತು. ‘ಸುಮಾರು’ ಎಂಬ ಒಂದು ಪದ ಫಲಕದ ಮೇಲಿಂದ ಬಿದ್ದುಹೋದರೆ ಆಗುವ ಅನರ್ಥ ಇಷ್ಟು.

ಬೇಗೂರಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿಯ ನಾಗೇಶ್ವರ ದೇವಾಲಯದ ಶಾಸನವೊಂದು ‘ಬೆಂಗಳೂರ ಕಾಳಗ’ವನ್ನು ಹೇಳುತ್ತದೆ, ಅದರ ಕಾಲ ಸುಮಾರು ಕ್ರಿ. ಶ. 890. ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಅದರಿಂದ ಊರು ‘ಬೆಂದಕಾಳೂರು’ ಆಯಿತು ಎಂಬ ಕಥೆ ಈ ಒಂದು ಶಾಸನದಿಂದ ಬಿದ್ದುಹೋಗುತ್ತದೆ. ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ್ದು 1173ರಲ್ಲಿ. ಅವನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಹೆಸರು ಕಲ್ಲಿನ ಮೇಲಿತ್ತು. ಇಷ್ಟು ನಿರ್ವಿವಾದ. ಆದರೆ ಇದರಿಂದ ‘ಬೆಂಗಳೂರು ನಗರಕ್ಕೆ ಸಾವಿರದ ನೂರು ವರ್ಷ’ ಎಂದು ಸಾರುವವರು ಒಂದು ಮೆಟ್ಟಿಲನ್ನು ಹಾರಿ ಹೋಗುತ್ತಾರೆ. ಶಾಸನದ ಬೆಂಗಳೂರು ಯಾವ ನೆಲದ ಮೇಲಿತ್ತೆಂದು ಶಾಸನ ಹೇಳುವುದಿಲ್ಲ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆನ್ನುವ ಮಣ್ಣಿನ ಕೋಟೆ ಹೊಸ ಜಾಗದಲ್ಲಿ ಎದ್ದಿತು. ಹೆಬ್ಬಾಳ ಕೊಡಿಗೇಹಳ್ಳಿಗಳ ಕಡೆ ‘ಹಳೆ ಬೆಂಗಳೂರು’ ಎಂಬ ಊರಿದ್ದ ನೆನಪನ್ನು ಐತಿಹ್ಯ ಉಳಿಸಿಕೊಂಡಿದೆ. ಹೆಸರಿನ ಪ್ರಾಚೀನತೆ ಬೇರೆ, ನೆಲೆಯ ಪ್ರಾಚೀನತೆ ಬೇರೆ. ಕಥೆಯನ್ನು ಕೆಡವಿದ ಉತ್ಸಾಹದಲ್ಲಿ ನಾವೇ ಇನ್ನೊಂದು ಕಥೆಯನ್ನು ಕಟ್ಟಬಾರದು. ನಮ್ಮ ಬಡಾವಣೆ ಹಳೆಯದು, ನಿಮ್ಮದು ಈಚಿನದು ಎಂಬ ಪೈಪೋಟಿಗೆ ಶಾಸನಗಳು ಸಿಕ್ಕಿಬಿದ್ದರೆ ಅವುಗಳ ಗತಿ ತಾಲ್ಲೂಕು ಕಚೇರಿಯ ಕಾಗದಗಳ ಗತಿಯೇ ಆದೀತು.

ಪ್ರಸಂಗವಶಾತ್ ಒಂದು ಮಾತು. ನಾಗತ್ತರನ ಯುದ್ಧವನ್ನು ಚಿತ್ರಿಸುವ ಬೇಗೂರಿನ ದೊಡ್ಡ ವೀರಗಲ್ಲು ಬಹಳ ಹಿಂದೆಯೇ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಆನೆ ಕುದುರೆಗಳ ಆ ರಣರಂಗವನ್ನು ನೋಡಿ ನಿಂತವರಲ್ಲಿ ಎಷ್ಟು ಜನ, ಒಂದೆರಡು ಗಾವುದದಾಚೆ ಆ ಊರು ಈಗಲೂ ಇದೆ, ಅದರ ಕೆರೆಯೂ ದೇವಾಲಯವೂ ಇವೆ ಎಂದು ಬಲ್ಲರು? ಅಲ್ಲಿದ್ದರೆ ಕಲ್ಲು ಉಳಿಯುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ರಾಜ್ಯದ 1961ರ ಸ್ಮಾರಕ ಸಂರಕ್ಷಣಾ ಅಧಿನಿಯಮವು ಘೋಷಿತ ಸ್ಮಾರಕಗಳನ್ನು ಕಾಪಾಡುತ್ತದೆ. ಹೊಲದ ಬದುವಿನಲ್ಲಿ ಒರಗಿದ ಕಲ್ಲುಗಳನ್ನು ಕಾಯುವವರು ಆ ಹೊಲದವರೇ. ಆದುದರಿಂದಲೇ ಆ ಕಲ್ಲು ಏನು ಹೇಳುತ್ತದೆಂಬುದು ಮೊದಲು ಅವರಿಗೆ, ಅವರ ಮಾತಿನಲ್ಲಿ, ತಿಳಿಯಬೇಕು. ಹಳಗನ್ನಡದ ಪಾಠವನ್ನು ಇದ್ದಂತೆಯೇ ಫಲಕದ ಮೇಲೆ ಬರೆದರೆ ಅದು ಓದಿದಂತಾಗುವುದಿಲ್ಲ. ಹಿತ್ತಲಿನ ಕಲ್ಲಿನ ಅರ್ಥವನ್ನು ನಾವು ಆಡುಮಾತಿನಲ್ಲಿ ಹೇಳಿದಾಗ ಆ ಅಜ್ಜಿ ಕೇಳಿದ ಮೊದಲ ಪ್ರಶ್ನೆ, ದತ್ತಿ ಬಿಟ್ಟ ಗದ್ದೆ ಯಾವ ತೂಬಿನ ಕೆಳಗಿತ್ತು ಎಂಬುದು. ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಶಾಸನವನ್ನು ಮತ್ತೆ ನೋಡಿದಾಗ, ‘ಮೂಡಣ ತೂಬು’ ಎಂದು ಓದಬಹುದಾದ ಐದು ಅಕ್ಷರಗಳು ಸಿಕ್ಕಿದವು.

ಈ ಸಾಲಿನಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿಗಳು 9ನೆಯ ಸಂಪುಟದ ಒಂದು ಹೋಬಳಿಯ ಶಾಸನಗಳನ್ನು ಮಾತ್ರ ಆರಿಸಿಕೊಂಡು, ಪ್ರತಿ ಕಲ್ಲಿನ ಹಿಂದಿನ ಮತ್ತು ಇಂದಿನ ನೆಲೆಗಳನ್ನು ಊರವರ ಹೇಳಿಕೆಗಳೊಡನೆ ಬರೆದುಕೊಳ್ಳಲಿದ್ದಾರೆ. ಅದರ ಒಂದು ಪ್ರತಿಯನ್ನು ಸೊಸೈಟಿಗೂ, ಇನ್ನೊಂದನ್ನು ಆಯಾ ಊರಿನ ಶಾಲೆಗೂ ಕೊಡುವುದೆಂದು ನಿಶ್ಚಯಿಸಿದ್ದೇವೆ.