ಹೆಡ್‌ಫೋನ್ ಆಯ್ಕೆಗೆ ತಂಬೂರಿಯೇ ಒರೆಗಲ್ಲು

ಹೆಡ್‌ಫೋನ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ: ದನಿ ಹುಟ್ಟಿಸುವ ಡ್ರೈವರ್ ಎಷ್ಟು ದೊಡ್ಡದು, ಬಾಸ್ ಎಷ್ಟು ಜೋರು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ. ಹಾಡುವವರ ದನಿ ಅದರಲ್ಲಿ ಹೇಗೆ ಕೇಳುತ್ತದೆ ಎಂಬ ಮಾತು ಬರುವುದೇ ಅಪರೂಪ. ನಮ್ಮಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಗಾಯನ. ದಾಸರ ಪದ, ವಚನ, ಖಯಾಲು, ಭಾವಗೀತೆ, ಸಿನಿಮಾ ಹಾಡು ಎಲ್ಲದರ ನಡುವೆಯೂ ನಿಂತಿರುವುದು ಮನುಷ್ಯನ ಕಂಠ. ಆದ್ದರಿಂದ ಕನ್ನಡದ ಕೇಳುಗರು ಹೆಡ್‌ಫೋನನ್ನು ಅಳೆಯಬೇಕಾದದ್ದು ಅದರ ಬಾಸಿನಿಂದಲ್ಲ, ಮಧ್ಯಸ್ಥಾಯಿಯನ್ನು ಅದು ಎಷ್ಟು ಪ್ರಾಮಾಣಿಕವಾಗಿ ಕೇಳಿಸುತ್ತದೆ ಎಂಬುದರಿಂದ. ಆ ಅಳತೆಗೆ ತಂಬೂರಿಗಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಮೊದಲು ಡಬ್ಬಿಯ ಮೇಲಿನ ಅಂಕಿಗಳನ್ನು ನೋಡೋಣ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂದು ಬಹುತೇಕ ಎಲ್ಲ ಡಬ್ಬಿಗಳ ಮೇಲೂ ಇರುತ್ತದೆ. ಅದು ಆರೋಗ್ಯವಂತ ಎಳೆಯ ಕಿವಿಯ ಮಿತಿ. ಆ ಎರಡು ತುದಿಗಳ ನಡುವೆ ದನಿ ಎಲ್ಲಿ ಉಬ್ಬುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದನ್ನು ಆ ಸಾಲು ಹೇಳುವುದಿಲ್ಲ. 100 ಹರ್ಟ್ಸ್‌ನಲ್ಲಿ ಹತ್ತು ಡೆಸಿಬೆಲ್ ಉಬ್ಬಿ, 3,000 ಹರ್ಟ್ಸ್‌ನಲ್ಲಿ ಎಂಟು ಡೆಸಿಬೆಲ್ ಕುಸಿದ ಹೆಡ್‌ಫೋನಿನ ಮೇಲೂ ಅದನ್ನೇ ಅಚ್ಚು ಹಾಕಬಹುದು. ಡ್ರೈವರಿನ ಗಾತ್ರದ ಕತೆಯೂ ಇದೇ. ಕಿವಿಯೊಳಗೆ ಕೂರುವ 10 ಮಿಲಿಮೀಟರಿನ ಪುಟ್ಟ ಡ್ರೈವರು, ಕಳಪೆಯಾಗಿ ಮಾಡಿದ 50 ಮಿಲಿಮೀಟರಿನದಕ್ಕಿಂತ ಎಷ್ಟೋ ಸಲ ಚೆನ್ನಾಗಿ ಹಾಡುತ್ತದೆ.

ಬೆಲೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆವರ್ತನಗಳನ್ನು ಹೆಡ್‌ಫೋನು ಕೇಳಿಸುವ ರೀತಿಗೂ ಅದರ ಬೆಲೆಗೂ ಸಂಬಂಧ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ 2010ರ ದಶಕದಲ್ಲಿ ಬ್ರ್ಯಾಂಡ್ ಯಾವುದೆಂದು ತಿಳಿಯದಂತೆ ಕೇಳಿಸಿ ಮಾಡಿದ ಪರೀಕ್ಷೆಗಳೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತವೆ. ಒಳ್ಳೆಯ ಸ್ಪೀಕರುಗಳು ಒಂದು ಒಳ್ಳೆಯ ಕೋಣೆಯಲ್ಲಿ ಕೇಳಿಸುವಂಥ ಸಮತೋಲದ ದನಿಯನ್ನೇ ಹೆಚ್ಚಿನವರು ಮೆಚ್ಚಿದರು. ಅಂದರೆ ಜನರ ಕಿವಿಗೆ ಬೇಕಾದದ್ದು ಸಮತೋಲ. ಅದು ದುಬಾರಿ ಡಬ್ಬಿಯಲ್ಲೇ ಸಿಗಬೇಕೆಂದಿಲ್ಲ.

ಈ ಸಮತೋಲವನ್ನು ಪತ್ತೆ ಹಚ್ಚಲು ತಂಬೂರಿಯೇ ಏಕೆ? ಅದರ ತಂತಿಗಳನ್ನು ಹೊರುವ ಕುದುರೆ ಅಗಲವಾಗಿ, ತುಸು ಬಾಗಿದಂತಿರುತ್ತದೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸಿದ ನೂಲೆಳೆಯನ್ನು ಸರಿಯಾದ ಜಾಗಕ್ಕೆ ತಂದಾಗ ಒಂದೇ ಮೀಟಿನಿಂದ ಉಪಸ್ವರಗಳ ಸಾಲೇ ಎದ್ದು ಬರುತ್ತದೆ. ಸರ್ ಸಿ.ವಿ. ರಾಮನ್ ಇದನ್ನು 1921ರಲ್ಲೇ ಬರೆದಿಟ್ಟಿದ್ದಾರೆ. ಸಾಮಾನ್ಯ ತಂತಿಯನ್ನು ಎಲ್ಲಿ ಮೀಟುತ್ತೇವೆಯೋ ಅದಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಕೇಳದೆ ಹೋಗಬೇಕು. ವೀಣೆ, ತಂಬೂರಿಗಳಲ್ಲಿ ಕುದುರೆಯ ರಚನೆಯಿಂದಾಗಿ ಅವೂ ಕೇಳುತ್ತವೆ ಎಂದು ಅವರು ತೋರಿಸಿದರು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಮೂಡುತ್ತದೆ. ಅದನ್ನೇ ಸ್ವಯಂಭೂ ಗಾಂಧಾರ ಎನ್ನುವುದು. ಒಂದೂವರೆ ಮನೆ ಶ್ರುತಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಆ ಗಾಂಧಾರ ಅದರ ಐದು ಪಟ್ಟು, ಸುಮಾರು 346 ಹರ್ಟ್ಸ್. ಅದರ ಮೇಲಿನ ಉಪಸ್ವರಗಳು ಹಲವು ಸಾವಿರ ಹರ್ಟ್ಸ್‌ವರೆಗೂ ಹಬ್ಬುತ್ತವೆ.

ಹೀಗಾಗಿ ನಾಲ್ಕು ತಂತಿಗಳ ಒಂದು ಸುತ್ತು ಮೀಟಿದರೆ ಸಾಕು, ಸಂಗೀತಕ್ಕೆ ಬೇಕಾದ ಸ್ಥಾಯಿಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ಬರುತ್ತವೆ. ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ತಂಬೂರಿ ಬರೀ ಗುಂಯ್‌ಗುಡುತ್ತದೆ. ಷಡ್ಜ ಊದಿಕೊಂಡು ಪಂಚಮವನ್ನು ಮುಚ್ಚುತ್ತದೆ. ಮೇಲಿನ ಸ್ಥಾಯಿಯನ್ನು ಚೂಪು ಮಾಡಿದ ಹೆಡ್‌ಫೋನಿನಲ್ಲಿ ಲೋಹದ ಝೇಂಕಾರ ಮಾತ್ರ ಉಳಿದು ದನಿಯ ಮೈ ಕರಗಿಹೋಗುತ್ತದೆ. ಒಳ್ಳೆಯದರಲ್ಲಿ ನಾಲ್ಕು ತಂತಿಗಳೂ ಬೇರೆ ಬೇರೆಯಾಗಿ ಗುರುತಾಗುತ್ತವೆ, ಗಾಂಧಾರವನ್ನು ಕಿವಿ ತಾನೇ ಹುಡುಕಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಎಲೆಕ್ಟ್ರಾನಿಕ್ ತಂಬೂರಿ ಇಟ್ಟುಕೊಂಡು ಮಾಡಿದ ಧ್ವನಿಮುದ್ರಣ ಇದಕ್ಕೆ ಬೇಡ. ಆ ಪೆಟ್ಟಿಗೆ ಸಾಧನೆಗೆ ಉಪಕಾರಿಯೇ ಹೌದು, ಆದರೆ ಮರ ಮತ್ತು ತಂತಿಯ ನುಡಿತದ ಏರಿಳಿತ ಅದರಲ್ಲಿ ಇರುವುದಿಲ್ಲ.

ಎರಡನೆಯ ಪರೀಕ್ಷೆ ಕಂಠದ್ದು. ಇದಕ್ಕೆ ಗಂಗೂಬಾಯಿ ಹಾನಗಲ್ಲರ ಕಚೇರಿಗಳನ್ನು ಸೂಚಿಸುತ್ತೇನೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಆಳಕ್ಕೆ ಇಳಿದು ಗಡಸಾಯಿತು. ಮಗಳು ಕೃಷ್ಣಾ ಹಾನಗಲ್ ಜೊತೆಗೂಡಿ ಹಾಡಿದ ಧ್ವನಿಮುದ್ರಣಗಳಲ್ಲಿ ಎರಡು ಹೆಣ್ಣುದನಿಗಳು ಒಂದೇ ರಾಗದಲ್ಲಿ ಹೆಣೆದುಕೊಳ್ಳುತ್ತವೆ. ಮಧ್ಯಸ್ಥಾಯಿಯಲ್ಲಿ ಸೊರಗಿದ ಹೆಡ್‌ಫೋನಿನಲ್ಲಿ ತಾಯಿಯ ದನಿಯ ತೂಕ ಇಲ್ಲವಾಗುತ್ತದೆ. ಮಸುಕಾದದ್ದರಲ್ಲಿ ತಾಯಿ ಎಲ್ಲಿ ಬಿಟ್ಟರು, ಮಗಳು ಎಲ್ಲಿ ಹಿಡಿದರು ಎಂಬುದು ತಿಳಿಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ತಾನಗಳನ್ನೂ ಹೀಗೇ ಕೇಳಿ ನೋಡಬಹುದು. ಸ್ವರದಿಂದ ಸ್ವರಕ್ಕೆ ಅವರು ದಾಟುವ ವೇಗದಲ್ಲಿ ಒಂದೊಂದು ಸ್ವರವೂ ತನ್ನ ಅಂಚನ್ನು ಉಳಿಸಿಕೊಂಡಿದ್ದರೆ ಆ ಹೆಡ್‌ಫೋನು ನಂಬಿಕೆಗೆ ಅರ್ಹ.

ಬಾಸ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೃದಂಗದ ಎಡಮುಖಕ್ಕೆ ರವೆ ಹಚ್ಚುವುದೇ ಆ ಗುಂಭ ನಾದಕ್ಕಾಗಿ. ಅದು ಕೇಳದಿದ್ದರೆ ತಾಳಕ್ಕೆ ನೆಲವೇ ಇರುವುದಿಲ್ಲ. ಹಂಸಲೇಖರ ‘ಪ್ರೇಮಲೋಕ’ದ (1987) ಹಾಡುಗಳಿಗೂ, ಈಚಿನ ಸಿನಿಮಾ ಹಾಡುಗಳಿಗೂ ಕೆಳಸ್ಥಾಯಿಯ ಬಲ ಬೇಕು. ಆದರೆ ಮೃದಂಗದ ಎಡ ‘ಧಂ’ ಎಂದು ಬಿದ್ದು ಕೂಡಲೇ ನಿಲ್ಲಬೇಕು. ಮುಂದಿನ ಏಟಿನವರೆಗೂ ಎಳೆಯುತ್ತ ಹೋದರೆ ಅದು ಹೆಡ್‌ಫೋನಿನ ದೋಷ. ಕರಣೆ ಎಂಬ ಕಪ್ಪು ಲೇಪ ಹಚ್ಚಿದ ಬಲಮುಖದ ನಾದ ಶ್ರುತಿಬದ್ಧವಾಗಿರುವುದಕ್ಕೆ ಕಾರಣವನ್ನೂ ರಾಮನ್ ಬಿಡಿಸಿ ಹೇಳಿದ್ದಾರೆ. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆರಂಭಿಸಿದ ಆ ವಿಷಯವನ್ನು ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಬಲಗೈಯ ಪೆಟ್ಟಿನಲ್ಲಿ ಷಡ್ಜ ಕೇಳುತ್ತದೆಯೇ, ಬರೀ ‘ಟಕ್’ ಎಂಬ ಸದ್ದೇ ಎಂದು ಗಮನಿಸಿ.

ಈ ಒರೆಗೆ ಹಚ್ಚಿದಾಗ ನನ್ನ ಲೆಕ್ಕದಲ್ಲಿ ಮೊದಲು ನಿಲ್ಲುವುದು ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 600. ಇದೇ ಕಂಪನಿ 1968ರಲ್ಲಿ ಹಳದಿ ಸ್ಪಂಜಿನ ಎಚ್‌ಡಿ 414 ತಂದು ತೆರೆದ ಬೆನ್ನಿನ ಹೆಡ್‌ಫೋನಿಗೆ ದಾರಿ ಹಾಕಿತ್ತು. ಡ್ರೈವರಿನ ಹಿಂಬದಿಯನ್ನು ಮುಚ್ಚದೆ ಜಾಲರಿ ಇಡುವುದರಿಂದ ದನಿ ಬಟ್ಟಲೊಳಗೆ ಸಿಕ್ಕಿ ಮರುಗುಡುವುದಿಲ್ಲ. 1997ರಲ್ಲಿ ಬಂದ ಎಚ್‌ಡಿ 600 ಆ ದಾರಿಯ ಪಕ್ವ ಫಲ. ಅದರಲ್ಲಿ ಕಂಠ ಕಂಠವಾಗಿಯೇ ಕೇಳುತ್ತದೆ. ತಂಬೂರಿಯ ಝೇಂಕಾರಕ್ಕೆ ಮೈಯೂ ಇದೆ, ಅಂಚೂ ಇದೆ. ಕಿವಿಮೆತ್ತೆ, ತಂತಿ, ತಲೆಪಟ್ಟಿ ಎಲ್ಲವನ್ನೂ ಬಿಡಿಯಾಗಿ ಬದಲಿಸಬಹುದಾದ್ದರಿಂದ ಒಮ್ಮೆ ಕೊಂಡರೆ ದಶಕಗಳ ಬಾಳಿಕೆ. ಕೊರತೆಗಳೂ ಇವೆ. ತೀರಾ ಕೆಳಗಿನ ಬಾಸ್ ತೆಳು. ಹೊಸತರಲ್ಲಿ ತಲೆಯನ್ನು ಗಟ್ಟಿಯಾಗಿ ಒತ್ತುತ್ತದೆ. ಇದರ ಇಂಪೀಡೆನ್ಸ್ 300 ಓಮ್. ಫೋನಿಗೆ ನೇರ ಸಿಕ್ಕಿಸಿದರೆ ಎಷ್ಟೋ ಸಲ ದನಿ ಸಾಲದು, ಒಂದು ಪುಟ್ಟ ಆಂಪ್ಲಿಫೈಯರ್ ಬೇಕಾಗುತ್ತದೆ. ತೆರೆದ ಬೆನ್ನಾದ್ದರಿಂದ ಪಕ್ಕದವರಿಗೂ ಹಾಡು ಕೇಳುತ್ತದೆ, ಕುಕ್ಕರಿನ ಸೀಟಿ ನಿಮಗೂ ಕೇಳುತ್ತದೆ. ಮನೆಯಲ್ಲಿ ಒಂದು ಶಾಂತವಾದ ಮೂಲೆ ಇರುವವರಿಗೆ ಮಾತ್ರ ಇದು ಸಲ್ಲುತ್ತದೆ.

ಅಂಥ ಮೂಲೆ ಇಲ್ಲದವರು ಮುಚ್ಚಿದ ಬೆನ್ನಿನದಕ್ಕೆ ಹೋಗಬೇಕು. 1991ರಿಂದ ಸ್ಟುಡಿಯೊಗಳಲ್ಲಿ ದುಡಿಯುತ್ತಿರುವ ಸೋನಿಯ ಎಂಡಿಆರ್-7506 ಆ ಜಾತಿಯಲ್ಲಿ ಗಟ್ಟಿ ಆಯ್ಕೆ. 63 ಓಮ್ ಆದ್ದರಿಂದ ಫೋನಿಗೂ ಒಗ್ಗುತ್ತದೆ. ಧ್ವನಿಮುದ್ರಣದ ಲೋಪ ಹಿಡಿಯಲೆಂದೇ ರೂಪಿಸಿದ್ದರಿಂದ ಮೇಲಿನ ಸ್ಥಾಯಿ ತುಸು ಮುಂದೆ ಬರುತ್ತದೆ. ‘ಸ’, ‘ಶ’ಕಾರಗಳು ಕೆಲವೊಮ್ಮೆ ಕಿವಿಗೆ ಚುಚ್ಚುತ್ತವೆ. ಸಾಹಿತ್ಯದ ಒಂದೊಂದು ಅಕ್ಷರವೂ ಕೇಳಬೇಕೆನ್ನುವ ಭಾವಗೀತೆಯ ಅಭಿಮಾನಿಗಳಿಗೆ ಅದೇ ಗುಣವಾಗಿಯೂ ಕಾಣಬಹುದು. 1984ರಿಂದ ಹೆಚ್ಚು ಬದಲಾಗದೆ ಬರುತ್ತಿರುವ ಕಾಸ್ ಪೋರ್ಟಾ ಪ್ರೊ ಮುಚ್ಚಿದ ಬೆನ್ನಿನದಲ್ಲ, ಆದರೆ ಹಗುರ, ಬೆಚ್ಚನೆಯ ದನಿಯದು. ತಂಬೂರಿಯ ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಕೊಡಲಾರೆ, ಷಡ್ಜ ಕೊಂಚ ದಪ್ಪ. ಆದರೆ ಸಂಜೆ ವರಾಂಡದಲ್ಲಿ ಕೂತು ಹಳೆಯ ಸಿನಿಮಾ ಹಾಡು ಕೇಳುವುದಕ್ಕೆ ಅದು ಒಳ್ಳೆಯ ಜೊತೆ.

ಕೈಯಲ್ಲಿ ಎರಡು ಸಾವಿರ ರೂಪಾಯಿಯಷ್ಟೇ ಇದ್ದರೆ ತಂತಿಯಿರುವ, ಕಿವಿಯೊಳಗೆ ಕೂರುವ ಇಯರ್‌ಫೋನನ್ನೇ ಕೊಳ್ಳಿ. ಈ ಬೆಲೆಗೆ ಇಷ್ಟು ಸಮತೋಲದ ದನಿ ಬೇರೆ ಯಾವ ಬಗೆಯಲ್ಲೂ ಸಿಗುವುದಿಲ್ಲ. ಅದರ ಅರ್ಧ ಗುಣ ಇರುವುದು ರಬ್ಬರ್ ತುದಿಯಲ್ಲಿ. ತುದಿ ಕಿವಿಗೆ ಸರಿಯಾಗಿ ಕೂರದೆ ಗಾಳಿ ಆಡಿದರೆ ಬಾಸ್ ಪೂರ್ತಿ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಕೊಟ್ಟ ಮೂರೂ ಅಳತೆಯ ತುದಿಗಳನ್ನು ಹಾಕಿ ನೋಡದೆ ಯಾವ ಇಯರ್‌ಫೋನಿನ ಬಗ್ಗೆಯೂ ತೀರ್ಪು ಕೊಡಬಾರದು.

ತಂತಿಯಿಲ್ಲದವುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಬಗೆ. ಬ್ಲೂಟೂತಿನಲ್ಲಿ ದನಿಯನ್ನು ಅಡಕಗೊಳಿಸಿ ಕಳಿಸುವ ಎಲ್‌ಡಿಎಸಿಯಂಥ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೂ ಸಾಗಿಸುತ್ತದೆ. ಸಾಮಾನ್ಯ ಬ್ಲೂಟೂತಿನಲ್ಲೂ ಗಾಯನ ಕೆಡುವುದಿಲ್ಲ. ಆದ್ದರಿಂದ ದನಿಯ ಕಾರಣಕ್ಕೆ ಅವನ್ನು ತಳ್ಳಿಹಾಕಲಾಗದು. ಗದ್ದಲ ತಗ್ಗಿಸುವ ತಂತ್ರವಂತೂ ನಿಜಕ್ಕೂ ಉಪಕಾರಿ. ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಅಮೆರಿಕದ ಇಂಜಿನಿಯರ್ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ಹಾರುವಾಗ ವಿಮಾನದ ಸದ್ದಿನಲ್ಲಿ ಹಾಡು ಕೇಳಲಾಗದೆ ಆ ಲೆಕ್ಕಾಚಾರಕ್ಕೆ ತೊಡಗಿದರು. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಅದಕ್ಕೆ ವಿರುದ್ಧವಾದ ಅಲೆ ಹುಟ್ಟಿಸಿ ಎರಡನ್ನೂ ವಜಾ ಮಾಡುವುದು ಅದರ ಕೆಲಸ. ಬಸ್ಸಿನ ಇಂಜಿನ್, ಫ್ಯಾನಿನಂಥ ಒಂದೇ ಸಮನೆಯ ಕೆಳದನಿಗೆ ಅದು ಚೆನ್ನಾಗಿ ನಡೆಯುತ್ತದೆ. ಹಿಂದಿನ ಸೀಟಿನವರ ಮಾತನ್ನು ಅಷ್ಟಾಗಿ ತಡೆಯುವುದಿಲ್ಲ. ನಾನು ಒಪ್ಪದಿರುವುದು ಆಯುಷ್ಯದ ವಿಷಯದಲ್ಲಿ. ಅವುಗಳ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಅನೇಕ ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಪ್ರಯಾಣಕ್ಕೆ ಅವು ಸರಿ, ಮನೆಯಲ್ಲಿ ಕೂತು ಕೇಳಲು ತಂತಿಯದೇ ಮೇಲು.

ಇನ್ನೊಂದು ಮಾತು ನಮ್ಮ ಹಳೆಯ ಧ್ವನಿಮುದ್ರಣಗಳದ್ದು. 78 ಆರ್‌ಪಿಎಂ ತಟ್ಟೆಗಳು, ಆಕಾಶವಾಣಿಯ ಟೇಪುಗಳು, ಜಿ.ಕೆ. ವೆಂಕಟೇಶ್ ಕಾಲದ ಎಷ್ಟೋ ಸಿನಿಮಾ ಹಾಡುಗಳು ಮಾನೊದಲ್ಲಿವೆ. ಹೆಡ್‌ಫೋನಿನಲ್ಲಿ ಅವು ತಲೆಯ ನಟ್ಟನಡುವೆ ಕೇಳುತ್ತವೆ, ಅದು ದೋಷವಲ್ಲ. ಆದರೆ ಮೇಲಿನ ಸ್ಥಾಯಿಯನ್ನು ಹಿಗ್ಗಿಸುವ ಹೆಡ್‌ಫೋನು ಅವುಗಳ ಸುಯ್ಯೆಂಬ ಸದ್ದನ್ನೂ ಗೀರುಗಳನ್ನೂ ಎತ್ತಿ ತೋರಿಸಿ ಹಾಡುಗಾರರನ್ನು ಹಿಂದಕ್ಕೆ ತಳ್ಳುತ್ತದೆ. ಹಳೆಯದನ್ನೇ ಹೆಚ್ಚು ಕೇಳುವವರು ‘ಎಲ್ಲ ವಿವರ ಕೇಳಿಸುತ್ತದೆ’ ಎಂಬ ಹೊಗಳಿಕೆಗೆ ಮರುಳಾಗಬಾರದು.

ಇಷ್ಟೆಲ್ಲ ಆದ ಮೇಲೂ ಹಾಕಿಕೊಂಡು ಅರ್ಧ ಗಂಟೆ ಕೂರಲಾಗದಿದ್ದರೆ ಆ ಹೆಡ್‌ಫೋನು ಬೇಡ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿದರೆ ಮುಚ್ಚಿದ ಬೆನ್ನಿನದರಲ್ಲಿ ಬಾಸ್ ಸೋರುತ್ತದೆ. ಓಲೆ, ಜುಮುಕಿ ಹಾಕುವವರು ಅವನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ರಾಯಚೂರು, ಕಲಬುರಗಿಯ ಬೇಸಿಗೆಗೆ ಕೃತಕ ಚರ್ಮದ ಮೆತ್ತೆ ಬೆವರಿಳಿಸುತ್ತದೆ, ಬಟ್ಟೆಯದು ಹಿತ. ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತನ್ನಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಅಂಗಡಿಯವರು ಹಾಕುವ ಹಾಡನ್ನು ಬಿಟ್ಟು, ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿಸಿ.

ಕೊನೆಗೆ ಹೇಳುವುದು ಎಲ್ಲಕ್ಕಿಂತ ಮುಖ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಅತಿಯಾದ ಸದ್ದಿನಿಂದ ಹೋದ ಶ್ರವಣಶಕ್ತಿ ಮರಳುವುದಿಲ್ಲ. ಹಾಗಾಗಿ ಕಡಿಮೆ ದನಿಯಲ್ಲೇ ತಂಬೂರಿಯ ನಾಲ್ಕು ತಂತಿಗಳನ್ನೂ ಕಂಠದ ಎಲ್ಲ ಬಣ್ಣಗಳನ್ನೂ ಕೇಳಿಸುವ ಹೆಡ್‌ಫೋನೇ ಒಳ್ಳೆಯ ಹೆಡ್‌ಫೋನು. ಚೆನ್ನಾಗಿ ಕೇಳಲು ದನಿ ಏರಿಸಲೇಬೇಕೆನ್ನುವುದನ್ನು, ಅದರ ಮೇಲೆ ಯಾರ ಹೆಸರೇ ಇರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.