ಎರವಲು ಕೀರ್ತಿಯ ಗುಳಿಗೆ

ಪ್ಲೇಟ್‌ಲೆಟ್‌ಗಳು ಹೆಪ್ಪುಗಟ್ಟದಂತೆ ತಡೆಯುವ ಔಷಧ ಟಿಕಾಗ್ರೆಲರ್‌ಗೆ ಹೃದ್ರೋಗ ವೈದ್ಯರ ನಡುವೆ ಎರಡು ಕೀರ್ತಿಗಳಿವೆ. ಒಂದು ದುಡಿದು ಗಳಿಸಿದ್ದು. 18,624 ರೋಗಿಗಳ ಪ್ಲೇಟೋ ಅಧ್ಯಯನದಲ್ಲಿ (2009) ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಸೇರಿ ವರ್ಷದೊಳಗೆ ಅದನ್ನು ನುಂಗಿದವರಲ್ಲಿ ಶೇ 9.8, ಅದೇ ಬಗೆಯ ಹಳೆಯ ಔಷಧ ಕ್ಲೋಪಿಡೋಗ್ರೆಲ್ ನುಂಗಿದವರಲ್ಲಿ ಶೇ 11.7. ಇದಕ್ಕೆ ನನ್ನ ತಕರಾರಿಲ್ಲ. ಸ್ಟೆಂಟ್ ಹಾಕಿ ದೊಡ್ಡ ನಾಳ ತೆರೆದ ಮೇಲೂ ರಕ್ತ ಹರಿಯದೆ ಉಳಿಯುವ ಸೂಕ್ಷ್ಮನಾಳಗಳನ್ನೂ ಇದು ಕಾಯುತ್ತದೆ ಎಂಬ ಇನ್ನೊಂದು ಕೀರ್ತಿ ಮಾತ್ರ ಎರವಲಿನದು.

ಆ ವಾದ ನಿಂತಿರುವುದು ದೇಹದಲ್ಲೇ ಇರುವ ಅಡಿನೋಸಿನ್ ಎಂಬ ವಸ್ತುವಿನ ಮೇಲೆ. ಟಿಕಾಗ್ರೆಲರ್ ಅದನ್ನು ಜೀವಕೋಶಗಳು ಹೀರಿಕೊಳ್ಳದಂತೆ ತಡೆಯುತ್ತದೆ, ಅಡಿನೋಸಿನ್ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ. ಕೇಳಲು ಚಂದ. 2019ರ ರೆಡ್ಯೂಸ್-ಎಂವಿಐ ಅಧ್ಯಯನ ಇದನ್ನೇ ಅಳೆಯಹೊರಟಿತು: 110 ರೋಗಿಗಳು, ಟಿಕಾಗ್ರೆಲರ್ ಅಥವಾ ಅದೇ ಬಗೆಯ ಪ್ರಾಸುಗ್ರೆಲ್, ತಿಂಗಳ ನಂತರ ಸೂಕ್ಷ್ಮನಾಳಗಳ ಪ್ರತಿರೋಧದ ಸೂಚ್ಯಂಕ. ಟಿಕಾಗ್ರೆಲರ್‌ಗೆ 21, ಪ್ರಾಸುಗ್ರೆಲ್‌ಗೆ 18. ಕಡಿಮೆ ಇದ್ದಷ್ಟೂ ಒಳ್ಳೆಯದು. ಅಂತರ ಸಾಬೀತಾಗುವಷ್ಟಿಲ್ಲ, ಆದರೆ ವಾಲಿದ್ದು ಪ್ರಾಸುಗ್ರೆಲ್ ಕಡೆಗೆ.

‘ಹೋಲಿಸಬೇಕಿದ್ದದ್ದು ಕ್ಲೋಪಿಡೋಗ್ರೆಲ್ ಜೊತೆಗೆ’ ಎಂದು ಗೊಣಗುವವರಿದ್ದಾರೆ. ಅವರಿಗೆ ಪರೀಕ್ಷೆಯ ಮರ್ಮವೇ ತಿಳಿದಿಲ್ಲ. ಪ್ಲೇಟ್‌ಲೆಟ್ ತಡೆಯುವುದರಲ್ಲಿ ಟಿಕಾಗ್ರೆಲರ್, ಪ್ರಾಸುಗ್ರೆಲ್ ಎರಡೂ ಬಲಶಾಲಿ. ಆ ಬಲವನ್ನು ಬದಿಗಿಟ್ಟರೆ ಟಿಕಾಗ್ರೆಲರ್ ಪಾಲಿಗೆ ಉಳಿಯುವುದು ಅಡಿನೋಸಿನ್ ಒಂದೇ. ಕ್ಲೋಪಿಡೋಗ್ರೆಲ್ ಎದುರು ಗೆದ್ದರೂ ಗೆದ್ದದ್ದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. 110 ಸಣ್ಣ ಸಂಖ್ಯೆ, ಒಪ್ಪೋಣ. ಆದರೆ ಕೀರ್ತಿ ಹಬ್ಬುವಾಗ ಅಷ್ಟು ಸಂಖ್ಯೆಯನ್ನಾದರೂ ಯಾರು ಕೇಳಿದ್ದರು?

ಎಲ್ಲವೂ ಕಂಪನಿಗಳ ಆಟ, ನಮ್ಮವರಿಗೆ ಕ್ಲೋಪಿಡೋಗ್ರೆಲ್ ಸಾಕು ಎನ್ನುವವರ ಜೊತೆಗೂ ನಾನಿಲ್ಲ. ಅದು ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುವ ಔಷಧ, ಆ ಬದಲಾವಣೆಯನ್ನು ಕುಂಟಿಸುವ ಜೀನ್ ಭಾರತೀಯರಲ್ಲಿ ಸಾಮಾನ್ಯ.

ಕರಾವಳಿ ಆಂಧ್ರದ ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಕುಳಿತು ಈ ಜಗಳ ನೋಡಿದರೆ ಬೇರೆಯೇ ಕಾಣುತ್ತದೆ. ಗುಡ್ಡಗಾಡಿನ ಅರಕುವಿನಿಂದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ, ಅದರಲ್ಲಿ ಘಾಟಿ ಬೇರೆ. ಭಾರತದ ಕ್ರಿಯೇಟ್ ನೋಂದಣಿಯಲ್ಲಿ (2008) ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಾಂಕ ಸಮಯ 360 ನಿಮಿಷ. ಆ ಆರು ತಾಸಿನಲ್ಲಿ ಸೂಕ್ಷ್ಮನಾಳಗಳಿಗೆ ಸಾಕಷ್ಟು ಹಾನಿ ಆಗಿರಬಹುದು. ಇಂಥವರಲ್ಲಿ ಅನೇಕರಿಗೆ ಮೊದಲು ಸಿಗುವುದು ಹೆಪ್ಪು ಕರಗಿಸುವ ಇಂಜೆಕ್ಷನ್. ಆ ಇಂಜೆಕ್ಷನ್ ಪಡೆದ 3,799 ಮಂದಿಯ ಟ್ರೀಟ್ ಅಧ್ಯಯನದಲ್ಲಿ ವರ್ಷದ ಕೊನೆಗೆ ಹೃದ್ರೋಗದ ಸಾವು, ಹೃದಯಾಘಾತ, ಪಾರ್ಶ್ವವಾಯು ಟಿಕಾಗ್ರೆಲರ್‌ನಲ್ಲಿ ಶೇ 6.7, ಕ್ಲೋಪಿಡೋಗ್ರೆಲ್‌ನಲ್ಲಿ ಶೇ 7.3, ಗೆಲುವು ಯಾರದ್ದೂ ಅಲ್ಲ. ಕರಾವಳಿ ಆಂಧ್ರದಲ್ಲಿ ಸೂಕ್ಷ್ಮನಾಳಗಳ ಮೇಲೆ ಈ ಔಷಧಗಳ ಪರಿಣಾಮದ ಹೋಲಿಕೆ ನಡೆಸುವವರು ಮೊದಲು ಆರಿಸಬೇಕಾದದ್ದು ಈ ತಡವಾಗಿ ಬಂದವರನ್ನು, ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬಿಗೆ ಬೇಗ ತಲುಪಿದವರನ್ನಲ್ಲ.