ಸಂದಿಯೊಳಗಿನ ಸಂಧಿ

ವಾಸ್ತುಶಿಲ್ಪ ಕಾಲೇಜುಗಳ ವರ್ಷಾಂತ್ಯದ ಪ್ರದರ್ಶನಗಳಲ್ಲಿ ಒಂದು ಬಗೆಯ ಕೆಲಸಕ್ಕೆ ಈಗ ಎಲ್ಲಿಲ್ಲದ ಮರ್ಯಾದೆ. ಹಳೆಯ ದೇಗುಲದ ಸುತ್ತ ನಡೆದು ನೂರಾರು ಫೋಟೊ ತೆಗೆಯುತ್ತಾರೆ, ಅವನ್ನು ತಂತ್ರಾಂಶಕ್ಕೆ ಊಡುತ್ತಾರೆ, ಲಕ್ಷಾಂತರ ತ್ರಿಕೋನಗಳ ಜಾಲವಾಗಿ ಗೋಡೆ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಬೆರಳಾಡಿಸಿದರೆ ತಿರುಗುತ್ತದೆ, ಹತ್ತಿರ ಹೋದರೆ ಉಳಿಯ ಗೀರೂ ಕಾಣುತ್ತದೆ. ಸಂಕೀರ್ಣ ಹೊರಮೈಗೆ ಇದಕ್ಕಿಂತ ಒಳ್ಳೆಯ ಡಿಜಿಟಲ್ ಮಾದರಿ ಇಲ್ಲವೆಂದು ಮೇಷ್ಟ್ರುಗಳೂ ನಂಬಿದ್ದಾರೆ. ನಾನು ನಂಬುವುದಿಲ್ಲ. ಅದು ದಾಖಲೆ, ಬೆಲೆಯುಳ್ಳ ದಾಖಲೆ. ಮಾದರಿಯಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ತೀರ್ಪುಗಾರನಾಗಿ ಕೂತಿದ್ದೆ. ಮುಳಬಾಗಿಲು ತಾಲ್ಲೂಕಿನ ಆವಣಿಯ ಲಕ್ಷ್ಮಣೇಶ್ವರ ಗುಡಿಯ ಗೋಡೆಯನ್ನು ಹುಡುಗನೊಬ್ಬ ಹೀಗೆ ಎಬ್ಬಿಸಿ ತಂದಿದ್ದ. ನಾನು ಕೇಳಿದ್ದು ಒಂದೇ: 'ನಡುವಿನ ಈ ಹೊರಚಾಚನ್ನು ಒಂದು ಗೇಣು ಅಗಲ ಮಾಡಿದರೆ, ಅದರ ಜೊತೆ ಇನ್ನೇನೇನು ಸರಿಯಬೇಕು?' ಅವನು ಮಾದರಿಯನ್ನು ಎರಡು ಸುತ್ತು ತಿರುಗಿಸಿ ಸುಮ್ಮನಾದ. ತಪ್ಪು ಅವನದಲ್ಲ. ಆ ಪ್ರಶ್ನೆಗೆ ಉತ್ತರ ಹೇಳುವ ಶಕ್ತಿ ಅವನ ಕೈಯಲ್ಲಿದ್ದ ವಸ್ತುವಿಗೇ ಇರಲಿಲ್ಲ.

ನೊಳಂಬರ ಕಾಲದ ಆವಣಿಯನ್ನು ಬಲ್ಲವರಿಗೆ ನಾನು ಹೊಸದಾಗಿ ಪರಿಚಯಿಸಬೇಕಿಲ್ಲ. ಒಂದು ಮಾತು ಮಾತ್ರ ನೆನಪಿಸುತ್ತೇನೆ. ಇಲ್ಲಿನ ಸ್ಥಾನವನ್ನು 40 ವರ್ಷ ಆಳಿದ ತ್ರಿಭುವನಕರ್ತಾರನೆಂಬ ಶೈವ ಯತಿ 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು 10ನೇ ಶತಮಾನದ ಶಾಸನ ಹೇಳುತ್ತದೆ. ಒಂದು ಗುಡಿಯ ಕಲ್ಲನ್ನು ಕಂಡಂತೆ ನಕಲು ಮಾಡುತ್ತಾ ಕೂತಿದ್ದರೆ ಐವತ್ತು ಗುಡಿ ಏಳುತ್ತಿರಲಿಲ್ಲ. ಕಟ್ಟಿದವರ ತಲೆಯಲ್ಲಿ ನಿಯಮವಿತ್ತು. ಕಲ್ಲು ಆ ನಿಯಮದ ಒಂದೊಂದು ಉದಾಹರಣೆ.

ಆ ನಿಯಮ ಗೋಡೆಯ ಯಾವ ಜಾಗದಲ್ಲಿ ಕಾಣುತ್ತದೆ? ಎರಡು ಹೊರಚಾಚುಗಳ ನಡುವಿನ ಸಂದಿಯಲ್ಲಿ. ದ್ರಾವಿಡ ಕ್ರಮದ ಗೋಡೆಯ ಬುಡವನ್ನು ನೋಡಿ. ಉಪಾನ, ಜಗತಿ, ಕುಮುದ, ಗಳ, ಮೇಲೆ ಕಪೋತ ಇಲ್ಲವೇ ಪಟ್ಟಿಕೆ. ಈ ಪಟ್ಟಿಗಳು ಗೋಡೆ ಮುಂದೆ ಬಂದಲ್ಲಿ ಬರುತ್ತವೆ, ಒಳಗೆ ಸರಿದಲ್ಲಿ ಸರಿಯುತ್ತವೆ, ಎಲ್ಲೂ ಕಡಿಯುವುದಿಲ್ಲ. ಅಂದರೆ ಇಡೀ ಅಧಿಷ್ಠಾನಕ್ಕೆ ಬೇಕಾದದ್ದು ಎರಡೇ ಗೆರೆ: ಪಟ್ಟಿಗಳ ಅಡ್ಡಕೊಯ್ತದ ಗೆರೆ, ಅದು ನಡೆಯುವ ತಲವಿನ್ಯಾಸದ ಗೆರೆ. ಸ್ಕೆಚ್‌ಅಪ್ ಬಲ್ಲ ಮೊದಲ ವರ್ಷದ ಹುಡುಗಿಯೂ 'ಫಾಲೋ ಮಿ' ಒತ್ತಿ ಇದನ್ನು ಮಾಡಬಲ್ಲಳು. ಅದರ ಮೇಲೆ ಪ್ರತಿ ಚಾಚಿನ ಅಂಚಿಗೂ ಅರೆಗಂಬ, ಅದರ ತಲೆಗೆ ಬೋದಿಗೆ. ಅದಕ್ಕೂ ಮೇಲೆ ಪುಟ್ಟ ಗುಡಿಗಳ ಹಾರ: ಮೂಲೆಯಲ್ಲಿ ಚೌಕದ ಕೂಟ, ನಡುವೆ ಉದ್ದನೆಯ ಶಾಲೆ, ಇವೆರಡರ ನಡುವೆ ಜಾಗವಿದ್ದರೆ ಪಂಜರ. ಕೆಳಗಿನ ಚಾಚು ಎಷ್ಟು ಅಗಲವೋ ಮೇಲಿನ ಕೂಟ, ಶಾಲೆಗಳೂ ಅಷ್ಟಷ್ಟೇ. ಬುಡದ ಒಂದು ಗೆರೆ ಸರಿದರೆ ಶಿಖರದವರೆಗೆ ಎಲ್ಲವೂ ಸರಿಯಬೇಕು.

ವ್ಯಾಕರಣ ಓದಿದ ಕನ್ನಡಿಗರಿಗೆ ಇದು ಗುರುತಿನ ಸಂಗತಿ. ಎರಡು ಪದ ಕೂಡುವಲ್ಲಿ ಒಂದು ಅಕ್ಷರ ಬೀಳುತ್ತದೆ, ಇಲ್ಲವೇ ಬರುತ್ತದೆ, ಇಲ್ಲವೇ ಬದಲಾಗುತ್ತದೆ. ಗೋಡೆಯಲ್ಲೂ ಹಾಗೆಯೇ. ಸಂದಿ ಕಿರಿದಾದರೆ ಅರೆಗಂಬದ ಒಂದು ಪಕ್ಕ ಗೋಡೆಯೊಳಗೆ ಮುಳುಗಿ ಲೋಪವಾಗುತ್ತದೆ. ಹಿರಿದಾದರೆ ಅಲ್ಲೊಂದು ಪಂಜರ ಆಗಮವಾಗುತ್ತದೆ. ನಡುಗೋಡೆಗೆ ಬಂದಾಗ ಕೂಟದ ಜಾಗದಲ್ಲಿ ಶಾಲೆ ಆದೇಶವಾಗಿ ನಿಲ್ಲುತ್ತದೆ. ಸಂದಿಯಲ್ಲಿ ನಡೆಯುವುದು ಸಂಧಿಕಾರ್ಯ.

ಫೋಟೊಗಳಿಂದ ಎಬ್ಬಿಸಿದ ಜಾಲ ಸೋಲುವುದೂ ಸರಿಯಾಗಿ ಇಲ್ಲಿಯೇ. ಒಂದೇ ಬಿಂದು ಬೇರೆ ಬೇರೆ ಕೋನದ ಹಲವು ಚಿತ್ರಗಳಲ್ಲಿ ಕಂಡರೆ ಮಾತ್ರ ತಂತ್ರಾಂಶ ಅದರ ಜಾಗ ಲೆಕ್ಕ ಹಾಕಬಲ್ಲದು. ಸಂದಿಯೊಳಗೆ ನೆರಳು, ಕ್ಯಾಮೆರಾಕ್ಕೆ ಓರೆಯ ನೋಟವಿಲ್ಲ. ಒತ್ತೊತ್ತಾಗಿ ನಿಂತ ಗುಡಿಗಳ ನಡುವೆ ಹಿಂದೆ ಸರಿಯಲೂ ಜಾಗವಿರುವುದಿಲ್ಲ. ಕಾಣದ ಕಡೆ ತಂತ್ರಾಂಶ ನಯವಾದ ಚರ್ಮ ಎಳೆದು ಮುಚ್ಚಿಬಿಡುತ್ತದೆ. ಆ ಹುಡುಗನ ಮಾದರಿಯಲ್ಲಿ ಮೂರ್ತಿಗಳ ಮೂಗು ಸ್ಪಷ್ಟವಾಗಿತ್ತು, ಸಂದಿಗಳು ಮೇಣ ಕರಗಿದಂತಿದ್ದವು. ಅಲಂಕಾರ ಉಳಿದು ವಾಕ್ಯ ಅಳಿದಿತ್ತು.

ಇಲ್ಲಿ ಒಂದು ಹಳೆಯ ಜಗಳವನ್ನೂ ಆಡಿಬಿಡಬೇಕು. 1989ರಲ್ಲಿ ಕೀರ್ತಿ ತ್ರಿವೇದಿಯವರು ಹಿಂದೂ ದೇಗುಲವನ್ನು ಫ್ರಾಕ್ಟಲ್ ವಿಶ್ವದ ಮಾದರಿಯಾಗಿ ಓದಿದರು. ಗಣಕದ ಚಿಂತನೆಯನ್ನು ಅಷ್ಟು ಬೇಗ ಗುಡಿಯ ಬಳಿಗೆ ತಂದವರೆಂಬ ಗೌರವ ಅವರಿಗೆ ಸಲ್ಲಬೇಕು. ಆದರೆ ಆ ಮಾತು ಇಂದು ಮಂತ್ರವಾಗಿದೆ. ಗುಡಿ ಎಂದೊಡನೆ ಗ್ರಾಸ್‌ಹಾಪರ್ ತಂತ್ರಾಂಶದಲ್ಲಿ ಒಂದು ಆಕಾರವನ್ನು ತನ್ನೊಳಗೇ ಮತ್ತೆ ಮತ್ತೆ ಹುಟ್ಟಿಸಿ 'ನಮ್ಮ ಪೂರ್ವಿಕರ ಗಣಿತ' ಎನ್ನುತ್ತಾರೆ. ಖಜುರಾಹೊದ ಶಿಖರಕ್ಕೆ ಅದು ಒಂದಿಷ್ಟು ಒಪ್ಪೀತು. ನಮ್ಮ ಗೋಡೆಗೆ ಒಪ್ಪುವುದಿಲ್ಲ. ಶಾಲೆಯೊಳಗೆ ಸಣ್ಣ ಶಾಲೆ, ಅದರೊಳಗೆ ಇನ್ನೂ ಸಣ್ಣದು ಎಂಬ ಸರಣಿ ಇಲ್ಲಿಲ್ಲ. ಪಕ್ಕಪಕ್ಕದ ಬೇರೆ ಬೇರೆ ಜಾತಿಯ ಪದಗಳು ಕೂಡುವ ಕ್ರಮವಿದೆ. ಈ ಫ್ರಾಕ್ಟಲ್ ಕನ್ನಡಕ ಹಾಕಿಕೊಂಡವರಿಗೆ ಆವಣಿ, ಅದೇ ತಾಲ್ಲೂಕಿನ ಕುರುಡುಮಲೆಗಳು ಕಾಣುವುದೇ ಇಲ್ಲ. ಬಳಪದ ಕಲ್ಲಿನ ಬೇಲೂರು, ಹಳೇಬೀಡುಗಳ ಕುಸುರಿಯ ಮುಂದೆ ನಮ್ಮ ಸೀಮೆಯ ಗಡುಸು ಕಲ್ಲಿನ ಗೋಡೆ 'ಸರಳ' ಎನಿಸಿ ಪಠ್ಯದಿಂದ ಬಿದ್ದುಹೋಗಿದೆ. ಕುಸುರಿ ಕಡಿಮೆ ಇರುವುದರಿಂದಲೇ ಕಟ್ಟಣೆ ನಿಚ್ಚಳವಾಗಿ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗೋಡೆ ಇಲ್ಲ.

ವಾಸ್ತುಶಿಲ್ಪದ ಇತಿಹಾಸಕಾರ ಆಡಮ್ ಹಾರ್ಡಿಯವರು 1995ರ ತಮ್ಮ ಗ್ರಂಥದಲ್ಲಿ ಕರ್ಣಾಟ ದ್ರಾವಿಡ ಗುಡಿಗಳನ್ನು ಪುಟ್ಟ ಗುಡಿಗಳ ಜೋಡಣೆಯಾಗಿ ಬಿಡಿಸಿ ತೋರಿಸಿದರು. ಪಾಶ್ಚಾತ್ಯ ಪರಿಭಾಷೆಯಲ್ಲಿ ನಮ್ಮ ಗುಡಿಯನ್ನು ಓದುವುದೇಕೆ ಎಂದು ಆಕ್ಷೇಪಿಸುವವರಿದ್ದಾರೆ. ಪರಿಭಾಷೆ ಎಲ್ಲಿಯದಾದರೂ ಆಗಲಿ, ಓದು ಗೋಡೆಗೆ ಹೊಂದುತ್ತದೆಯೇ ಎಂಬುದು ನನ್ನ ಕೇಳಿಕೆ. ಹೊಂದುತ್ತದೆ. ಹೊಯ್ಸಳ ರೀತಿಯ ಹೊಸ ದೇಗುಲವೊಂದಕ್ಕೆ ವಿನ್ಯಾಸ ರಚಿಸುವ ಕೆಲಸ ಕರ್ನಾಟಕದಿಂದ ಹಾರ್ಡಿಯವರಿಗೇ ಹೋಯಿತು. ವ್ಯಾಕರಣ ಬಲ್ಲವರು ಹೊಸ ವಾಕ್ಯ ರಚಿಸಬಲ್ಲರು. ತ್ರಿಕೋನಗಳ ಜಾಲ ಎಷ್ಟೇ ದಟ್ಟವಾದರೂ ಇದ್ದ ವಾಕ್ಯವನ್ನೇ ಮತ್ತೆ ತೋರಿಸೀತು.

ಸ್ಕ್ಯಾನಿಂಗ್ ಬೇಡವೆನ್ನುತ್ತಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ. ಸವೆದ ಅಕ್ಷರ ಓದುವುದಕ್ಕೆ ಅದು ದೊಡ್ಡ ಉಪಕಾರ. ಅಲ್ಲಿ ಬೇಕಾದದ್ದು ಮೇಲ್ಮೈ, ಆ ಸಾಧನ ಕೊಡುವುದೂ ಮೇಲ್ಮೈಯನ್ನೇ. ವಾಸ್ತುಶಿಲ್ಪದ ವಿದ್ಯಾರ್ಥಿಗೆ ಬೇಕಾದದ್ದು ಬೇರೆ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇಂದಿಗೂ ಕಲ್ಲಿನಲ್ಲಿ ದೇವರನ್ನು ಕೆತ್ತುವ ಮನೆಗಳಿವೆ. ಆ ಕಸುಬಿನಲ್ಲಿ ಉಳಿ ಇಳಿಯುವ ಮುಂಚೆ ಕಲ್ಲಿನ ಮೇಲೆ ಅಳತೆಯ ಗೆರೆ ಬೀಳುತ್ತದೆ. ನಮ್ಮ ಹುಡುಗರೂ ಹಾಗೆಯೇ ಶುರುಮಾಡಲಿ. ಟೇಪು, ತೂಗುಗುಂಡು ಹಿಡಿದು ಆವಣಿಯ ಒಂದು ಸಂದಿಯೊಳಗೆ ಮೈ ತೂರಿಸಲಿ. ಕುಮುದದ ಅಂಚನ್ನು ಕೈಯಿಂದ ಮುಟ್ಟಿ ಗೆರೆ ಎಳೆಯಲಿ. ಬಂದು ಗಣಕದಲ್ಲಿ ಒಂದೇ ಒಂದು ಚಾಚನ್ನು ನಿಯಮವಾಗಿ ಬರೆಯಲಿ. ಅಂಕ ಕೊಡುವವರು ಬಣ್ಣ, ಬೆಳಕು, ತ್ರಿಕೋನಗಳ ಎಣಿಕೆ ಯಾವುದನ್ನೂ ನೋಡುವುದು ಬೇಡ. ಬುಡದ ಗೆರೆಯನ್ನು ಒಂದು ಗೇಣು ಸರಿಸಲಿ. ಬೋದಿಗೆ ಸರಿದು, ಕಪೋತ ಚಾಚಿ, ಮೇಲಿನ ಶಾಲೆ ಅಷ್ಟೇ ಅಗಲವಾದರೆ, ಆ ಗೋಡೆ ಅವರಿಗೆ ಅರ್ಥವಾಗಿದೆ.